ತಗ್ಗಿಸಿದ ಕಾರಿನ ನಡೆ

ನೆಲಕ್ಕೆ ಮೈಯೊಡ್ಡಿ ಓಡುವ ಕಾರು ನೋಡುವವರ ಕಣ್ಣಿಗೆ ಒಂದು ಸೊಗಸು. ಪಂದ್ಯದ ಕಾರುಗಳೆಲ್ಲ ತಗ್ಗಾದವು. ತಗ್ಗಾದ ಗಾಡಿ ತಿರುವಿನಲ್ಲಿ ವಾಲದು, ಮಗುಚದು ಎಂಬ ನಂಬಿಕೆಯೂ ಬಲವಾಗಿದೆ. ಆದಕಾರಣವೇ ಮನೆಗೆ ಹೊಸ ಕಾರು ಬಂದ ಕೆಲವೇ ತಿಂಗಳಲ್ಲಿ ಮಗನು ತಂದೆಯ ಮುಂದೆ ಒಂದು ಬೇಡಿಕೆಯನ್ನಿಡುವುದುಂಟು: ಸ್ಪ್ರಿಂಗುಗಳನ್ನು ಬದಲಾಯಿಸಿ ಗಾಡಿಯನ್ನು ನಾಲ್ಕು ಸೆಂಟಿಮೀಟರು ಇಳಿಸಬೇಕು. ಗ್ಯಾರೇಜಿನಲ್ಲಿ ಅದು ಒಂದು ದಿನದ ಕೆಲಸ; ಬಳಿಕ ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಅವನ ವಾದ. ಭಾರದ ಕೇಂದ್ರ ಕೆಳಗಿಳಿದಷ್ಟೂ ಗಾಡಿ ಮಗುಚುವ ಭಯ ಕಡಮೆ ಎಂಬುದನ್ನು ಭೌತಶಾಸ್ತ್ರವೂ ಒಪ್ಪುತ್ತದೆ. ಆದರೆ ಅಲೈನ್‌ಮೆಂಟಿನಿಂದ ಎಲ್ಲವೂ ಸರಿಹೋಗುತ್ತದೆ ಎಂಬ ಮಾತನ್ನು ಮಾತ್ರ ಅಷ್ಟು ಸುಲಭವಾಗಿ ಒಪ್ಪಲಾಗದು.

ಕಾರನ್ನು ತಗ್ಗಿಸುವ ಗೀಳು ಹೊಸದಲ್ಲ. ಎರಡನೆಯ ಮಹಾಯುದ್ಧದ ತರುವಾಯ ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯದಲ್ಲಿ, ವಿಶೇಷವಾಗಿ ಲಾಸ್ ಏಂಜಲಿಸ್ ನಗರದಲ್ಲಿ, ಮೆಕ್ಸಿಕೋ ಮೂಲದ ತರುಣರು ಹಳೆಯ ಕಾರುಗಳ ಡಿಕ್ಕಿಯಲ್ಲಿ ಮರಳುಚೀಲಗಳನ್ನು ಹೇರಿಯೋ ಸ್ಪ್ರಿಂಗಿನ ಸುತ್ತುಗಳನ್ನು ಕತ್ತರಿಸಿಯೋ ಗಾಡಿಯ ಮೈಯನ್ನು ನೆಲದ ಹತ್ತಿರಕ್ಕೆ ತಂದರು. ೧೯೫೮ರಲ್ಲಿ ಆ ರಾಜ್ಯ ಇದಕ್ಕೆ ಕಡಿವಾಣ ಹಾಕಿತು: ಚಕ್ರದ ರಿಮ್ಮಿನ ಕೆಳ ಅಂಚಿಗಿಂತ ಗಾಡಿಯ ಯಾವ ಭಾಗವೂ ತಗ್ಗಿರಕೂಡದು. ಮರುವರ್ಷವೇ ರಾನ್ ಅಗಿರೆ ಎಂಬಾತ ತನ್ನ ಕಾರ್ವೆಟ್ ಕಾರಿಗೆ ದ್ರವದ ಒತ್ತಡದಿಂದ ನಡೆಯುವ ಪಂಪುಗಳನ್ನು ಜೋಡಿಸಿ, ಬೇಕೆಂದಾಗ ಏರಿಸಿ ಬೇಕೆಂದಾಗ ಇಳಿಸುವ ಉಪಾಯ ಹೂಡಿದ. ಆ ನಿಷೇಧವನ್ನು ತೆಗೆದುಹಾಕುವ ಶಾಸನಕ್ಕೆ ಅಂಕಿತ ಬಿದ್ದುದು ೨೦೨೩ರಲ್ಲಿ. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಆ ತರುಣರು ಗಾಡಿಯನ್ನು ತಗ್ಗಿಸಿದ್ದು ಮೆರವಣಿಗೆಯ ಗತಿಯಲ್ಲಿ ಮೆಲ್ಲಮೆಲ್ಲನೆ ಬೀದಿಯಲ್ಲಿ ಸಾಗುವುದಕ್ಕೆ. ಇಂದಿನ ತರುಣರಲ್ಲಿ ಬಹುಮಂದಿ ತಗ್ಗಿಸುವುದು ವೇಗವಾಗಿ ಓಡಿಸುವುದಕ್ಕೆ. ತೊಡಕು ತಲೆದೋರುವುದು ಇಲ್ಲಿಯೇ.

ಮೂರು ಕೋನಗಳು

ಕಾರಿನ ಚಕ್ರ ನೆಟ್ಟಗೆ ನಿಂತಿರುವಂತೆ ಕಂಡರೂ ಅದರ ನಿಲುವಿನಲ್ಲಿ ಮೂರು ಸೂಕ್ಷ್ಮ ಕೋನಗಳು ಅಡಗಿವೆ. ಮುಂದಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಎರಡು ಚಕ್ರಗಳ ಮುಂಭಾಗ ಪರಸ್ಪರ ಹತ್ತಿರವಾಗಿಯೋ ದೂರವಾಗಿಯೋ ಇರುವುದು ಟೋ. ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ಒರಗಿರುವುದು ಕ್ಯಾಸ್ಟರ್. ತಿರುವು ಮುಗಿದ ಬಳಿಕ ಸ್ಟಿಯರಿಂಗು ತಾನಾಗಿ ನೇರಕ್ಕೆ ಬರುವುದು ಬಹುಮಟ್ಟಿಗೆ ಇದರ ದೆಸೆಯಿಂದ. ಕಾರ್ಖಾನೆಯಲ್ಲಿ ಈ ಮೂರನ್ನೂ ಗೊತ್ತುಮಾಡುವುದು ಗಾಡಿಯ ಒಂದು ನಿಶ್ಚಿತ ಎತ್ತರವನ್ನು ಆಧಾರವಾಗಿಟ್ಟುಕೊಂಡು.

ಭಾರತದ ಇಂದಿನ ಸಣ್ಣ ಕಾರುಗಳಲ್ಲಿ ಬಹುಪಾಲಿನ ಮುಂಚಕ್ರಗಳನ್ನು ಹಿಡಿದಿರುವುದು ಮ್ಯಾಕ್‌ಫರ್ಸನ್ ಎಂಬ ಅಮೆರಿಕದ ಇಂಜಿನಿಯರು ರೂಪಿಸಿದ ಏರ್ಪಾಡು. ೧೯೫೦ರಲ್ಲಿ ಇಂಗ್ಲೆಂಡಿನ ಫೋರ್ಡ್ ಕಾನ್ಸುಲ್ ಮತ್ತು ಜೆಫಿರ್ ಕಾರುಗಳಲ್ಲಿ ಕಾಣಿಸಿಕೊಂಡ ಇದು ೧೯೮೩ರಲ್ಲಿ ಮಾರುತಿ ೮೦೦ ಕಾರಿನೊಡನೆ ಇಲ್ಲಿನ ಮಧ್ಯಮ ವರ್ಗದ ಮನೆಗಳಿಗೂ ಬಂದಿತು. ಸ್ಪ್ರಿಂಗು ಮತ್ತು ಶಾಕ್ ಅಬ್ಸಾರ್ಬರ್ ಕೂಡಿದ ಒಂದು ನಿಲುಗಂಬ. ಅದರ ತಲೆ ಗಾಡಿಯ ಮೈಗೆ ಬಿಗಿದಿದೆ. ಬುಡವನ್ನು ಅಡ್ಡಲಾಗಿ ಹಿಡಿದಿರುವುದು ಲೋಯರ್ ಆರ್ಮ್ ಎಂಬ ತೋಳು. ಸ್ಟಿಯರಿಂಗಿನಿಂದ ಬಂದು ಚಕ್ರವನ್ನು ತಿರುಗಿಸುವ ಸಣ್ಣ ಸಲಾಕೆಯೇ ಟೈ ರಾಡ್. ಕೀಲಿನ ಮೇಲೆ ಕದ ತಿರುಗುವಂತೆ ತೋಳೂ ಸಲಾಕೆಯೂ ಒಳತುದಿಯನ್ನು ಆಧರಿಸಿ ಮೇಲಕ್ಕೂ ಕೆಳಕ್ಕೂ ಆಡುತ್ತವೆ. ಅವುಗಳ ಹೊರತುದಿಗಳು ಎಳೆಯುವುದು ಸರಳರೇಖೆಯನ್ನಲ್ಲ, ಕಮಾನನ್ನು. ಗಾಡಿಯನ್ನು ಇಳಿಸಿದೊಡನೆ ಎರಡೂ ತಮ್ಮ ಕಮಾನಿನ ಬೇರೊಂದು ಭಾಗಕ್ಕೆ ಸರಿಯುತ್ತವೆ.

ಮೊದಲು ಕೆಡುವುದು ಟೋ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳು ಒಂದೊಂದು ದಿಕ್ಕಿಗೆ ಎಳೆದರೆ ಹೇಗೋ ಹಾಗೆ ಎರಡು ಚಕ್ರಗಳೂ ಒಂದನ್ನೊಂದು ವಿರೋಧಿಸುತ್ತ ಸಾಗುತ್ತವೆ. ಒಂದು ಚಕ್ರ ನೇರ ದಾರಿಯಿಂದ ಕೇವಲ ಒಂದು ಡಿಗ್ರಿ ಓರೆಯಾದರೂ, ಲೆಕ್ಕ ಹಾಕಿದರೆ, ಒಂದು ಕಿಲೋಮೀಟರು ಓಡುವಷ್ಟರಲ್ಲಿ ಅದು ಸುಮಾರು ೧೭ ಮೀಟರು ಅಡ್ಡಕ್ಕೆ ಉಜ್ಜಿದಂತಾಗುತ್ತದೆ. ಟೈರಿನ ಒಂದು ಅಂಚು ಕೆಲವೇ ಸಾವಿರ ಕಿಲೋಮೀಟರಿನಲ್ಲಿ ಸವೆದು ನುಣ್ಣಗಾಗುವುದಕ್ಕೆ ಕಾರಣವಿದು. ಕ್ಯಾಂಬರ್ ಕೂಡ ಬದಲಾಗಿ ಚಕ್ರದ ತಲೆ ಒಳಕ್ಕೆ ವಾಲಿದ್ದರೆ ಸವೆತವೆಲ್ಲ ಟೈರಿನ ಒಳ ಅಂಚಿನಲ್ಲಿ ನಡೆಯುತ್ತದೆ. ಹೊರಗಿನಿಂದ ನೋಡುವವರಿಗೆ ಟೈರು ಹೊಸದರಂತೆಯೇ ಕಾಣುತ್ತದೆ. ಒಳ ಅಂಚಿನಲ್ಲಿ ತಂತಿ ಹೊರಬೀಳುವವರೆಗೂ ಯಜಮಾನನಿಗೆ ಸುಳಿವು ಸಿಕ್ಕುವುದಿಲ್ಲ.

ನಿಂತ ಗಾಡಿ, ಓಡುವ ಗಾಡಿ

ಟೋ ಸರಿಪಡಿಸುವುದು ಕಷ್ಟವಲ್ಲ. ಟೈ ರಾಡನ್ನು ತಿರುಗಿಸಿ ಅದನ್ನು ಹದಕ್ಕೆ ತರಬಹುದು. ಅನೇಕ ಸಣ್ಣ ಕಾರುಗಳಲ್ಲಿ ಕ್ಯಾಂಬರ್ ತಿದ್ದಲು ಬೇರೆ ಬೋಲ್ಟುಗಳನ್ನೇ ಹಾಕಬೇಕಾದೀತು. ಕ್ಯಾಸ್ಟರ್ ತಿದ್ದುವ ಅನುಕೂಲ ಎಷ್ಟೋ ಗಾಡಿಗಳಲ್ಲಿ ಇಲ್ಲವೇ ಇಲ್ಲ. ಆದರೂ ಅಲೈನ್‌ಮೆಂಟಿನ ಯಂತ್ರ ಎಲ್ಲವೂ ಸರಿಯೆಂಬ ಚೀಟಿಯನ್ನು ಅಚ್ಚು ಮಾಡಿ ಕೊಟ್ಟಿತೆನ್ನೋಣ. ಆ ಚೀಟಿ ಹೇಳುವುದು ಸಮತಟ್ಟಾದ ನೆಲದ ಮೇಲೆ ಅಲುಗಾಡದೆ ನಿಂತ ಗಾಡಿಯ ಲೆಕ್ಕವನ್ನು. ರಸ್ತೆಯ ಮೇಲಿನ ಗಾಡಿ ಹಾಗೆ ನಿಲ್ಲುವುದಿಲ್ಲ.

ಕಾರ್ಖಾನೆಯವರು ತೋಳಿನ ಕಮಾನೂ ಸಲಾಕೆಯ ಕಮಾನೂ ಒಂದಕ್ಕೊಂದು ಹೊಂದುವಂತೆ ಜೋಡಿಸಿರುವುದು ಗಾಡಿಯ ಸಹಜ ಎತ್ತರದ ಆಸುಪಾಸಿನಲ್ಲಿ. ತಗ್ಗಿಸಿದ ಗಾಡಿಯಲ್ಲಿ ಈ ಹೊಂದಾಣಿಕೆ ತಪ್ಪಬಹುದು. ಆಗ ಚಕ್ರ ಒಂದು ಹಳ್ಳಕ್ಕೆ ಇಳಿದು ಏರುವಷ್ಟರಲ್ಲಿ ಟೋ ಬದಲಾಗುತ್ತದೆ. ಅಂದರೆ, ಚಾಲಕ ಸ್ಟಿಯರಿಂಗನ್ನು ಅಲುಗಿಸದಿದ್ದರೂ ಚಕ್ರ ತಾನೇ ತಿರುಗುತ್ತದೆ. ಇದನ್ನು ಬಂಪ್ ಸ್ಟಿಯರ್ ಎನ್ನುವರು. ನೇರವಾದ ರಸ್ತೆಯಲ್ಲಿಯೂ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಎಳೆಯುವುದು, ಚಾಲಕ ಅದನ್ನು ಹಿಡಿದು ನಿಲ್ಲಿಸುತ್ತ ದಣಿಯುವುದು ಇದರ ಲಕ್ಷಣ. ಅಲೈನ್‌ಮೆಂಟನ್ನು ಎಷ್ಟು ಸಲ ಮಾಡಿಸಿದರೂ ಇದು ಹೋಗದು. ಸಲಾಕೆಯ ತುದಿಯ ಎತ್ತರವನ್ನೇ ಬದಲಾಯಿಸಬೇಕು.

ಎರಡನೆಯ ತೊಡಕು ಇನ್ನೂ ವಿಚಿತ್ರವಾದುದು. ತಿರುವಿನಲ್ಲಿ ಗಾಡಿಯ ಮೈ ಒಂದು ಕಲ್ಪಿತ ಬಿಂದುವನ್ನು ಆಧರಿಸಿ ವಾಲುತ್ತದೆ. ಇಂಜಿನಿಯರುಗಳು ಅದನ್ನು ರೋಲ್ ಸೆಂಟರ್ ಎಂದು ಕರೆಯುತ್ತಾರೆ. ಭಾರದ ಕೇಂದ್ರಕ್ಕೂ ಈ ಬಿಂದುವಿಗೂ ನಡುವಿನ ಅಂತರವೇ ಗಾಡಿಯನ್ನು ವಾಲಿಸುವ ಹಾರೆ. ಮ್ಯಾಕ್‌ಫರ್ಸನ್ ಏರ್ಪಾಡಿನಲ್ಲಿ ಗಾಡಿ ನಾಲ್ಕು ಸೆಂಟಿಮೀಟರು ಇಳಿದರೆ ಭಾರದ ಕೇಂದ್ರ ಅಷ್ಟೇ ಇಳಿಯುತ್ತದೆ; ತೋಳಿನ ಓರೆ ಬದಲಾಗುವುದರಿಂದ ರೋಲ್ ಸೆಂಟರ್ ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು ಇಳಿಯುತ್ತದೆ. ಹಾರೆ ಉದ್ದವಾಯಿತು! ವಾಲುವುದನ್ನು ತಪ್ಪಿಸಲೆಂದು ತಗ್ಗಿಸಿದ ಗಾಡಿ, ಸ್ಪ್ರಿಂಗು ಹಳೆಯಷ್ಟೇ ಮೆದುವಾಗಿದ್ದರೆ, ಮೊದಲಿಗಿಂತ ಹೆಚ್ಚು ವಾಲುತ್ತದೆ. ಅದನ್ನು ತಡೆಯಲು ಸ್ಪ್ರಿಂಗನ್ನು ಗಡುಸು ಮಾಡಬೇಕು. ಸ್ಪ್ರಿಂಗು ಗಡುಸಾದರೆ ಶಾಕ್ ಅಬ್ಸಾರ್ಬರನ್ನೂ ಅದಕ್ಕೆ ತಕ್ಕಂತೆ ಬದಲಾಯಿಸಬೇಕು.

ಖರ್ಚು ಉಳಿಸಲು ಇದ್ದ ಸ್ಪ್ರಿಂಗನ್ನೇ ಕತ್ತರಿಸುವವರೂ ಇದ್ದಾರೆ. ಆರು ಸುತ್ತಿನ ಸ್ಪ್ರಿಂಗಿನಲ್ಲಿ ಒಂದು ಸುತ್ತು ಕತ್ತರಿಸಿದರೆ ಅದು ಐದರಲ್ಲೊಂದು ಪಾಲು ಹೆಚ್ಚು ಗಡುಸಾಗುವುದೇನೋ ನಿಜ. ಆದರೆ ಕತ್ತರಿಸಿದ ತುದಿ ತನ್ನ ಪೀಠದಲ್ಲಿ ಸರಿಯಾಗಿ ಕೂರುವುದಿಲ್ಲ. ಚಕ್ರ ಹಳ್ಳದಲ್ಲಿ ಪೂರ್ತಿ ಕೆಳಗಿಳಿದಾಗ ಗಿಡ್ಡ ಸ್ಪ್ರಿಂಗು ಸಡಿಲವಾಗಿ ಪೀಠದಿಂದ ಜಾರುವ ಭಯವೂ ಉಂಟು.

ಮನೆಮಂದಿಯ ಪ್ರಯಾಣ

ಇವೆಲ್ಲವೂ ಒಟ್ಟಾಗಿ ಪರೀಕ್ಷೆಗೆ ಒಳಗಾಗುವುದು ಮನೆಮಂದಿಯೆಲ್ಲ ಊರಿಗೆ ಹೊರಟ ದಿನ. ಅಲೈನ್‌ಮೆಂಟ್ ಮಾಡಿಸಿದಾಗ ಗಾಡಿ ಬರಿದಾಗಿತ್ತು. ಈಗ ಐದು ಜನ ಕುಳಿತಿದ್ದಾರೆ, ಡಿಕ್ಕಿಯಲ್ಲಿ ಸಾಮಾನು ತುಂಬಿದೆ. ಗಾಡಿ ಮತ್ತಷ್ಟು ತಗ್ಗಿದೆ. ಸ್ಪ್ರಿಂಗು ಕುಗ್ಗಲು ಉಳಿದಿರುವ ಜಾಗ ಅತ್ಯಲ್ಪ. ಘಟ್ಟದ ತಿರುವಿನಲ್ಲಿ ಹೊರಬದಿಯ ಚಕ್ರದ ಮೇಲೆ ಭಾರ ಬಿದ್ದು, ಅದೇ ಗಳಿಗೆಯಲ್ಲಿ ಒಂದು ಹಳ್ಳ ಎದುರಾದರೆ, ಬಂಪ್ ಸ್ಟಾಪ್ ಎಂಬ ರಬ್ಬರಿನ ತಡೆಗೆ ಗಾಡಿ ಹೊಡೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಆ ಮೂಲೆಗೆ ಸ್ಪ್ರಿಂಗು ಇದ್ದೂ ಇಲ್ಲದಂತೆ. ಟೈರು ನೆಲದ ಮೇಲಿನ ಹಿಡಿತವನ್ನು ಥಟ್ಟನೆ ಕಳೆದುಕೊಳ್ಳಬಹುದು. ದಿನವೂ ಕಚೇರಿಗೆ ಒಬ್ಬನೇ ಹೋಗಿಬರುವ ಚಾಲಕನಿಗೆ ಇದರ ಅನುಭವವೇ ಆಗಿರುವುದಿಲ್ಲ.

ರಸ್ತೆಯ ಉಬ್ಬುಗಳ ಮಾತಂತೂ ಬೇರೆಯೇ. ಗಂಟೆಗೆ ೨೫ ಕಿಲೋಮೀಟರು ವೇಗದಲ್ಲಿ ದಾಟುವ ಉಬ್ಬು ೩.೭ ಮೀಟರು ಅಗಲ, ೧೦ ಸೆಂಟಿಮೀಟರು ಎತ್ತರ ಇರಬೇಕೆಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಸೂಚನೆ. ಅಂಥ ನಯವಾದ ಉಬ್ಬನ್ನು ತಗ್ಗಿದ ಕಾರೂ ದಾಟೀತು; ಅಳತೆಯಿಲ್ಲದೆ ರಾಶಿ ಹಾಕಿದ ಉಬ್ಬುಗಳ ಮೇಲೆ ತಳ ಉಜ್ಜದೆ ಇರದು.

ಕಾನೂನನ್ನೂ ಮರೆಯುವಂತಿಲ್ಲ. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣವನ್ನು ವಿವರಿಸುತ್ತ, ತಯಾರಕರ ಮೂಲ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಟಿಗೂ ಯಜಮಾನನಿಗೆ ೫,೦೦೦ ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಸೆರೆವಾಸ, ಅಥವಾ ಎರಡೂ ವಿಧಿಸಲವಕಾಶವಿದೆ.

ಈಗಾಗಲೇ ತಗ್ಗಿಸಿದ ಗಾಡಿಯನ್ನು ಕೊಂಡವರು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಸ್ಪ್ರಿಂಗು ಕತ್ತರಿಸಿದ್ದೋ ಹೊಸದೋ ಎಂದು ಮೊದಲು ನೋಡಿಸಬೇಕು. ಕತ್ತರಿಸಿದ್ದಾದರೆ ಕೂಡಲೇ ತೆಗೆಸಬೇಕು. ಟೈರುಗಳ ಒಳ ಅಂಚನ್ನು ಕೈಯಾಡಿಸಿ ಪರೀಕ್ಷಿಸಬೇಕು. ಮೂಲದ ಸ್ಪ್ರಿಂಗು, ಶಾಕ್ ಅಬ್ಸಾರ್ಬರುಗಳನ್ನು ಮರಳಿ ಹಾಕಿಸುವಾಗ ತೋಳಿನ ಬುಷ್‌ಗಳ ಬೋಲ್ಟನ್ನು ಗಾಡಿಯ ಭಾರವೆಲ್ಲ ಚಕ್ರಗಳ ಮೇಲಿರುವಾಗಲೇ ಬಿಗಿಯಬೇಕು. ಗಾಡಿಯನ್ನು ಎತ್ತಿ ನಿಲ್ಲಿಸಿ ಬಿಗಿದರೆ ರಬ್ಬರು ತಿರುಚಿಕೊಂಡು ಬೇಗ ಹರಿಯುತ್ತದೆ. ದೀಪಗಳ ದಿಕ್ಕನ್ನು ಸರಿಪಡಿಸಬೇಕು. ಅಲೈನ್‌ಮೆಂಟ್ ಮಾಡಿಸುವುದು ಇವೆಲ್ಲ ಮುಗಿದ ಮೇಲೆ. ಆಮೇಲೆ ಮನೆಯವರನ್ನು ಕೂರಿಸಿಕೊಂಡು, ಮೆಲ್ಲನೆ, ಹಳ್ಳಕೊಳ್ಳಗಳ ರಸ್ತೆಯಲ್ಲಿ ಒಮ್ಮೆ ಹೋಗಿಬರಬೇಕು. ಯಂತ್ರದ ಚೀಟಿಯಲ್ಲಿ ಕಾಣದ ದೋಷ ಉಳಿದಿದ್ದರೆ ಅದು ಅಲ್ಲಿ ಸ್ಟಿಯರಿಂಗು ಹಿಡಿದ ಕೈಗೆ ತಿಳಿಯುತ್ತದೆ.