ಅಪ್ಪ ಮೂಸಿ ನೋಡಿದ ಬಿಯರ್

ಅಂಧೇರಿಯ ಪರ್ಮಿಟ್ ರೂಮೊಂದರಲ್ಲಿ ಮೂವತ್ತು ವರ್ಷ ಬಾಟಲಿ ತೆರೆದ ಅಪ್ಪ ಒಂದು ಹನಿಯೂ ಕುಡಿದವರಲ್ಲ. ನನ್ನ ತಮ್ಮ ಬ್ರಸೆಲ್ಸ್‌ನಿಂದ ತಂದ ಬಾಟಲಿಯನ್ನು ಕಳೆದ ಭಾನುವಾರ ಅವರೆದುರೇ ತೆರೆಯಬೇಕಾಯಿತು. ಒನ್ ರೂಮ್ ಕಿಚನ್ ಮನೆಯಲ್ಲಿ ಮರೆ ಎಲ್ಲಿಂದ ತರೋಣ?

ಬೆಲ್ಜಿಯಂ ಶೈಲಿಯ ಕಪ್ಪು ಏಲ್, ಆಲ್ಕೋಹಾಲ್ ಶೇಕಡಾ 11. ಅಮೆರಿಕದ ಕಾನೂನಿನಂತೆ ಬೂರ್ಬನ್ ವಿಸ್ಕಿಗೆ ಒಳಗೆ ಸುಟ್ಟ ಹೊಸ ಓಕ್ ಪೀಪಾಯಿಯೇ ಬೇಕು. ಒಮ್ಮೆ ಬಳಸಿದ್ದು ಮತ್ತೆ ಅದಕ್ಕೆ ಬಾರದು. ಅಂಥ ಹಳೇ ಪೀಪಾಯಿಯಲ್ಲಿ ಈ ಬಿಯರನ್ನು ತಿಂಗಳುಗಟ್ಟಲೆ ಇಡುತ್ತಾರೆ. ಮರ ಕುಡಿದಿದ್ದ ವಿಸ್ಕಿ ಬಿಯರಿಗೆ ಇಳಿಯುತ್ತದೆ, ಜೊತೆಗೆ ಓಕ್‌ನ ವೆನಿಲಾ ಪರಿಮಳ.

ಫ್ರಿಜ್ಜಿನಿಂದ ತೆಗೆದು ಸುರಿಯಹೊರಟವನನ್ನು ಅಪ್ಪ ತಡೆದರು. "ತಣ್ಣಗಿದ್ರೆ ಪರಿಮಳ ಏಳುದಿಲ್ಲ ಮಾರಾಯ, ಸ್ವಲ್ಪ ಬಿಡು." ಐಸ್ ಬೇಡವೆನ್ನುತ್ತಿದ್ದ ಹಳೇ ಗಿರಾಕಿಗಳಿಂದ ಕಲಿತದ್ದಿರಬೇಕು.

ಕಾಲು ಗಂಟೆಯ ಮೇಲೆ ಲೋಟವನ್ನು ಮೂಗಿಗೆ ಹಿಡಿದು, "ಓಲೆಬೆಲ್ಲ. ಖರ್ಜೂರ. ಆಮೇಲೆ ವಿಸ್ಕಿ" ಎಂದರು.

ಗುಟುಕರಿಸಿದೆ. ಅದೇ ಕ್ರಮ! ಕೊನೆಯ ವಿಸ್ಕಿಯ ಖಾರ ಮಾತ್ರ ನನಗೆ ಹೆಚ್ಚೆನಿಸಿತು.

"ಒಂದು ಗುಟುಕು, ಅಪ್ಪ?"

"ಬೇಡ. ಕುಡಿದವರನ್ನು ರಾತ್ರಿ ಮನೆ ಮುಟ್ಟಿಸಿದ್ದು ಸಾಕು."

ಲೋಟವನ್ನು ಮಾತ್ರ ಕೆಳಗಿಡಲಿಲ್ಲ.