ಮನೆಯ ಗ್ಯಾರೇಜೂ ಸರಕಾರದ ಕಾಯಿದೆಯೂ

2025ನೆಯ ಇಸವಿಯ ಆಗಸ್ಟ್ ತಿಂಗಳ ಕೊನೆಯಲ್ಲಿ ಅಮೇರಿಕೆಯ ಕ್ಯಾಲಿಫೋರ್ನಿಯಾ ಸಂಸ್ಥಾನದ ಶಾಸನಸಭೆಯ ಕೆಳಮನೆಯ ಹಣಕಾಸಿನ ಸಮಿತಿಯು ಒಂದು ಮಸೂದೆಯನ್ನು ಸದ್ದಿಲ್ಲದೆ ಮೂಲೆಗೆ ತಳ್ಳಿತು. ಹಳೆಯ ಮೋಟಾರುಗಳ ಪ್ರಸಿದ್ಧ ಪ್ರೇಮಿಯೂ ಹಾಸ್ಯನಟನೂ ಆದ ಜೇ ಲೆನೊ ಎಂಬವನು ಬೆಂಬಲಿಸಿದ್ದರಿಂದ ‘ಲೆನೊ ಕಾಯಿದೆ’ ಎಂದು ಹೆಸರಾಗಿದ್ದ ಈ ಮಸೂದೆಯು ಮೇಲ್ಮನೆಯಲ್ಲಿ ಮೊದಲೇ ಅಂಗೀಕೃತವಾಗಿತ್ತು. ಮೂವತ್ತೈದು ವರ್ಷಗಳಿಗಿಂತ ಹಳೆಯದಾಗಿ, ಸಂಗ್ರಹಯೋಗ್ಯವೆಂದು ವಿಮೆ ಮಾಡಿಸಲ್ಪಟ್ಟ ಬಂಡಿಗಳಿಗೆ ಹೊಗೆ ಪರೀಕ್ಷೆಯಿಂದ ವಿನಾಯಿತಿ ದೊರೆಯಬೇಕೆಂಬದು ಅದರ ಮೂಲ ಉದ್ದೇಶ. ಸಮಿತಿಯು ಅದನ್ನು ತಡೆದುದರಿಂದ ಮೊದಲಿನ ಸ್ಥಿತಿಯೇ ಉಳಿಯಿತು: 1975ರ ಮಾದರಿಯ ಬಂಡಿಗೆ ಪರೀಕ್ಷೆಯಿಲ್ಲ, 1976ರ ಮಾದರಿಯ ಬಂಡಿಗೆ ಎರಡು ವರ್ಷಕ್ಕೊಮ್ಮೆ ಪರೀಕ್ಷೆ ತಪ್ಪಿದ್ದಲ್ಲ.

ಸಾವಿರಾರು ಮೈಲು ದೂರದ ಈ ಜಗಳದಿಂದ ನಮಗೇನಾಗಬೇಕೆಂದು ವಾಚಕರು ಕೇಳಬಹುದು. ಆದರೆ ಒಬ್ಬ ಗೃಹಸ್ಥನು ತನ್ನ ಮನೆಯಲ್ಲಿ, ತನ್ನ ಹಣದಿಂದ, ತನ್ನ ಕೈಯಾರೆ ಒಂದು ಯಂತ್ರವನ್ನು ಬಿಚ್ಚಿ ಕಟ್ಟುವದಕ್ಕೆ ಎಷ್ಟರಮಟ್ಟಿಗೆ ಸ್ವತಂತ್ರನು, ಅವನ ನೆರೆಯವನ ಶ್ವಾಸಕೋಶಕ್ಕೆ ಎಷ್ಟರಮಟ್ಟಿಗೆ ರಕ್ಷಣೆಯುಂಟು ಎಂಬ ಪ್ರಶ್ನೆಯು ಕ್ಯಾಲಿಫೋರ್ನಿಯಾಕ್ಕೆ ಮಾತ್ರ ಸೇರಿದುದಲ್ಲ.

ಮೊದಲು ‘ಹಾಟ್ ರಾಡ್’ ಎಂದರೇನೆಂಬದನ್ನು ಹೇಳಬೇಕು. ಹೆನ್ರಿ ಫೋರ್ಡನು 1908ರಿಂದ 1927ರ ವರೆಗೆ ‘ಟಿ’ ಮಾದರಿಯ ಬಂಡಿಗಳನ್ನು ಒಂದೂವರೆ ಕೋಟಿಯಷ್ಟು ತಯಾರಿಸಿದನು. ಅದರ ಹಿಂದೆಯೇ ‘ಎ’ ಮಾದರಿಯು ಬಂದಿತು. 1932ರಲ್ಲಿ ಎಂಟು ಸಿಲಿಂಡರುಗಳ, ಅರುವತ್ತೈದು ಅಶ್ವಶಕ್ತಿಯ ಇಂಜಿನು ಐನೂರು ಡಾಲರಿಗೂ ಕಡಿಮೆ ಬೆಲೆಯ ಬಂಡಿಯಲ್ಲಿ ಸಾಮಾನ್ಯರ ಕೈಗೆ ಬಂದಿತು. ಅಲ್ಲಿಯವರೆಗೆ ಎಂಟು ಸಿಲಿಂಡರೆಂಬದು ಶ್ರೀಮಂತರ ಮಾತಾಗಿತ್ತು. ಕೆಲವು ವರ್ಷಗಳಲ್ಲಿ ಈ ಬಂಡಿಗಳೆಲ್ಲ ಗುಜರಿ ಅಂಗಡಿಗಳಲ್ಲಿ ರಾಶಿ ಬಿದ್ದವು. ಕೈಯಲ್ಲಿ ಕಾಸಿಲ್ಲದ, ಆದರೆ ಪಾನಾ ಹಿಡಿಯಬಲ್ಲ ತರುಣರು ಅವುಗಳನ್ನು ಅಗ್ಗಕ್ಕೆ ಕೊಂಡು, ಮಡಗಾರ್ಡು, ಬಾನೆಟ್ಟು ಮೊದಲಾದ ಭಾರವನ್ನೆಲ್ಲ ಕಿತ್ತೊಗೆದು, ಇನ್ನೊಂದು ಬಂಡಿಯ ಬಲವಾದ ಇಂಜಿನನ್ನು ಕೂಡ್ರಿಸಿ, ದಕ್ಷಿಣ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿರುವ ಮ್ಯುರಾಕ್, ಎಲ್ ಮಿರಾಜ್ ಎಂಬ ಒಣಗಿದ ಕೆರೆಗಳ ನೆಲದ ಮೇಲೆ ಓಡಿಸಿ ವೇಗವನ್ನು ಅಳೆದುಕೊಳ್ಳುತ್ತಿದ್ದರು. ಹೀಗೆ ಓಡಿಸತಕ್ಕವರ ಸಂಘಗಳು 1937ರಲ್ಲಿ ಒಟ್ಟುಗೂಡಿ, ಕಾಲವನ್ನು ಕರಾರುವಾಕ್ಕಾಗಿ ಅಳೆಯುವದಕ್ಕೂ ಕಟ್ಟುಪಾಡುಗಳನ್ನು ಹಾಕುವದಕ್ಕೂ ಒಂದು ಮಹಾಸಂಘವನ್ನು ಸ್ಥಾಪಿಸಿಕೊಂಡವು.

ಎರಡನೆಯ ಮಹಾಯುದ್ಧವು ಮುಗಿದ ಮೇಲೆ, ಸೈನ್ಯದಲ್ಲಿ ವಿಮಾನಗಳನ್ನೂ ಟ್ಯಾಂಕುಗಳನ್ನೂ ದುರಸ್ತಿ ಮಾಡಿ ಪಳಗಿದ ತರುಣರು ಮನೆಗೆ ಮರಳಿದಾಗ ಈ ಹವ್ಯಾಸವು ಕಾಳ್ಗಿಚ್ಚಿನಂತೆ ಹಬ್ಬಿತು. ಊರೊಳಗಿನ ಬೀದಿಗಳಲ್ಲಿ ಪಂತ ಕಟ್ಟಿ ಓಡಿಸಿ ಅಪಘಾತಗಳನ್ನು ಮಾಡಿದವರೂ ಅವರಲ್ಲಿದ್ದರು. ವರ್ತಮಾನಪತ್ರಗಳು ಅವರನ್ನು ಪುಂಡರೆಂದು ಕರೆದುದು ಪೂರ್ಣವಾಗಿ ಸುಳ್ಳೆನ್ನಲಾಗದು. 1948ರ ಜನವರಿಯಲ್ಲಿ ಈ ಹವ್ಯಾಸಕ್ಕೆಂದೇ ‘ಹಾಟ್ ರಾಡ್’ ಎಂಬ ಮಾಸಪತ್ರಿಕೆಯು ಹುಟ್ಟಿತು. 1951ರಲ್ಲಿ ಅದರ ಸಂಪಾದಕನಾಗಿದ್ದ ವಾಲಿ ಪಾರ್ಕ್ಸ್ ಎಂಬವನು ಅಖಿಲ ಅಮೇರಿಕಾ ಸಂಘವೊಂದನ್ನು ಕಟ್ಟಿ, ಓಟಗಳನ್ನು ಬೀದಿಯಿಂದ ಪ್ರತ್ಯೇಕ ಪಟ್ಟಿಗಳಿಗೆ ಸಾಗಿಸುವ ಕೆಲಸವನ್ನು ಕೈಗೊಂಡನು. ಬಂಡಿ ಓಡುವ ಮುನ್ನ ಬ್ರೇಕು, ಸ್ಟೇರಿಂಗು, ಪಟ್ಟಿ ಮೊದಲಾದುವನ್ನು ಸಂಘದವರೇ ತಪಾಸಣೆ ಮಾಡುವ ಪದ್ಧತಿಯು ಬೇರೂರಿತು. ಪೋಲೀಸರ ಲಾಠಿಯಿಂದ ಆಗದ ಕಾರ್ಯವು ಹವ್ಯಾಸಿಗಳ ಸ್ವಂತ ಶಿಸ್ತಿನಿಂದ ಬಹುಮಟ್ಟಿಗೆ ಆಯಿತೆಂಬದನ್ನು ನಾವು ಮುಖ್ಯವಾಗಿ ಗಮನಿಸಬೇಕು.

ಪಿಕಪ್ ಬಂಡಿಯ ಕಥೆ ಬೇರೆ. ಅದು ವೇಗಕ್ಕಾಗಿ ಹುಟ್ಟಿದುದಲ್ಲ, ಹುಲ್ಲು, ಗೊಬ್ಬರ, ಹಾಲಿನ ಕ್ಯಾನುಗಳಿಗಾಗಿ ಹುಟ್ಟಿದುದು. 1947ರಲ್ಲಿ ಶೆವರ್ಲೆ ಕಂಪನಿಯೂ 1948ರಲ್ಲಿ ಫೋರ್ಡ್ ಕಂಪನಿಯೂ ಯುದ್ಧಾನಂತರದ ಹೊಸ ಮಾದರಿಯ ಪಿಕಪ್‌ಗಳನ್ನು ಹೊರಡಿಸಿದವು; 1953ರಲ್ಲಿ ಫೋರ್ಡಿನ ‘ಎಫ್-100’ ಬಂದಿತು. ರೈತರು ಇವುಗಳನ್ನು ಎತ್ತಿನಂತೆ ದುಡಿಸಿ, ಕೊನೆಗೆ ಹೊಲದ ಅಂಚಿನಲ್ಲಿ ಮಳೆಗೆ ಬಿಟ್ಟರು. ಇಂದು ಅಲ್ಲಿಂದಲೇ ಅವುಗಳನ್ನು ಎಳೆತಂದು ಜನರು ಮನೆಯ ಗ್ಯಾರೇಜಿನಲ್ಲಿಟ್ಟುಕೊಂಡು ಪೂಜಿಸುತ್ತಿರುವರು. ದುಡಿಯುವಾಗ ಇಲ್ಲದ ಮರ್ಯಾದೆಯು ಮುಪ್ಪಿನಲ್ಲಿ ಬಂದಿತೆಂದು ನಗಬಹುದಾದರೂ, ಆ ಪೂಜೆಯ ಹಿಂದಿನ ಪರಿಶ್ರಮವನ್ನು ಬಲ್ಲವರು ನಗಲಾರರು.

ಇಂಥ ಬಂಡಿಯ ಚಾಲಕನ ಕೋಣೆಯ ಹಿಂದಿನ ಎರಡು ಮೂಲೆಗಳ ಬುಡದಲ್ಲಿಯೂ ಬಾಗಿಲ ಕೆಳಗಿನ ಅಂಚಿನಲ್ಲಿಯೂ ನೀರೂ ಮಣ್ಣೂ ನಿಂತು ತಗಡು ತುಕ್ಕಾಗಿ ಉದುರಿರುತ್ತದೆ. ಅದನ್ನು ಕತ್ತರಿಸಿ ತೆಗೆದು, ಅದೇ ಬಾಗಿನ ಹೊಸ ತಗಡನ್ನು ಕೂಡಿಸಬೇಕು. ಒಂದೇ ಸಮನೆ ವೆಲ್ಡಿಂಗ್ ಎಳೆದರೆ ತೆಳು ತಗಡು ಕಾದು ಹಪ್ಪಳದಂತೆ ಸುರುಟಿಕೊಳ್ಳುವದು; ಆದುದರಿಂದ ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆರಿದ ಮೇಲೆ ನಡುವೆ ಇನ್ನೊಂದು ಚುಕ್ಕೆ ಎಂದು ತಾಳ್ಮೆಯಿಂದ ಬೆಸೆಯಬೇಕಾಗುತ್ತದೆ. ಬಾಗಿಲನ್ನು ಹಾಕಿ ನೋಡದೆ ಬೆಸೆದವನು, ಕೊನೆಗೆ ಬಾಗಿಲು ಮುಚ್ಚದೆ ಎಲ್ಲವನ್ನೂ ಮತ್ತೆ ಕತ್ತರಿಸುವನು. ಸರಕಿನ ಪೆಟ್ಟಿಗೆಯ ತಳಕ್ಕೆ ಮರದ ಹಲಗೆಗಳು, ಹಲಗೆಗಳ ನಡುವೆ ಉಕ್ಕಿನ ಪಟ್ಟಿಗಳು; ಇದು ಬಡಗಿಯ ಕೆಲಸ. ಆರು ವೋಲ್ಟಿನ ವಿದ್ಯುತ್ತನ್ನು ಹನ್ನೆರಡಕ್ಕೆ ಏರಿಸಿ ತಂತಿಗಳನ್ನೆಲ್ಲ ಹೊಸದಾಗಿ ಎಳೆಯುವದು ಇನ್ನೊಂದು ವಿದ್ಯೆ. ಹೀಗೆ ಕಮ್ಮಾರ, ಬಡಗಿ, ಮಿಸ್ತ್ರಿ, ಬಣ್ಣಗಾರ ಇವರೆಲ್ಲರೂ ಒಬ್ಬನೇ ಮನುಷ್ಯನಲ್ಲಿ, ಅದೂ ಹಗಲೆಲ್ಲ ಕಚೇರಿಯಲ್ಲಿ ಲೆಕ್ಕ ಬರೆದು ಬಂದವನಲ್ಲಿ, ರಾತ್ರಿಯ ಹೊತ್ತು ಎಚ್ಚರಗೊಳ್ಳಬೇಕಾಗುವದು. ಐದು ವರ್ಷ, ಹತ್ತು ವರ್ಷ ಕಳೆದರೂ ಮುಗಿಯದ ಬಂಡಿಗಳುಂಟು. ಮನೆಯೊಡತಿಯರ ಅಭಿಪ್ರಾಯವನ್ನು ನಾವಿಲ್ಲಿ ಬರೆಯುವದಿಲ್ಲ.

ಹವ್ಯಾಸಿಗಳಲ್ಲಿ ಎರಡು ಪಂಗಡಗಳಿವೆ. ಕಾರಖಾನೆಯಿಂದ ಹೊರಬಿದ್ದ ದಿನ ಹೇಗಿದ್ದಿತೋ ಹಾಗೆಯೇ ಮೊಳೆಯ ತಲೆಯವರೆಗೂ ಇರಬೇಕೆನ್ನುವವರು ಒಂದು ಕಡೆ. ಹೊರರೂಪ ಹಳೆಯದಿದ್ದು ಒಳಗೆ ಹೊಸ ಇಂಜಿನು, ಹೊಸ ಬ್ರೇಕು ಇರಲಿ ಎನ್ನುವವರು ಇನ್ನೊಂದು ಕಡೆ. ಮೊದಲನೆಯವರು ಎರಡನೆಯವರನ್ನು ಧರ್ಮಭ್ರಷ್ಟರೆಂಬಂತೆ ಕಾಣುವದುಂಟು. ನಮ್ಮ ದೃಷ್ಟಿಯಲ್ಲಿ, ರಸ್ತೆಯ ಮೇಲೆ ಓಡಿಸತಕ್ಕ ಬಂಡಿಗಾದರೆ ಎರಡನೆಯವರ ವಾದವೇ ಬಲವಾದುದು. ಆ ಕಾಲದ ಬಂಡಿಗಳಲ್ಲಿ ನಾಲ್ಕು ಗಾಲಿಗಳ ಬ್ರೇಕಿಗೂ ಒಂದೇ ಎಣ್ಣೆಯ ಮಾರ್ಗ. ಒಂದು ಕೊಳವೆ ಒಡೆದರೆ ನಾಲ್ಕೂ ಬ್ರೇಕುಗಳು ಹೋದಂತೆಯೇ. ಅದನ್ನು ಎರಡು ಮಾರ್ಗಗಳಾಗಿ ಮಾರ್ಪಡಿಸಿ ಆಸನಕ್ಕೆ ಪಟ್ಟಿ ಕಟ್ಟಿದವನು ಮೂಲರೂಪವನ್ನು ಕೆಡಿಸಿರಬಹುದು, ಆದರೆ ದಾರಿಹೋಕರ ಜೀವವನ್ನು ಉಳಿಸಿರುವನು.

ಈಗ ಕಾಯಿದೆಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಹಿಂದೆ ಮೂವತ್ತು ವರ್ಷ ದಾಟಿದ ಬಂಡಿಯು ತಾನಾಗಿಯೇ ಹೊಗೆ ಪರೀಕ್ಷೆಯಿಂದ ಮುಕ್ತವಾಗುತ್ತಿತ್ತು. 2004ರಲ್ಲಿ, ತಾನೇ ದೈತ್ಯಾಕಾರದ ಹಮ್ಮರ್ ಬಂಡಿಗಳ ಪ್ರೇಮಿಯೆಂದು ಹೆಸರಾಗಿದ್ದ ಗವರ್ನರ್ ಶ್ವಾರ್ಜೆನೆಗರನು ಅಂಕಿತ ಹಾಕಿದ ಶಾಸನದಿಂದ ಆ ಗೆರೆಯು 1976ರಲ್ಲಿಯೇ ಹೂತುಹೋಯಿತು. ಐವತ್ತು ವರ್ಷ ಹಿಂದಿನ ಪಿಕಪ್ಪಿಗೆ ಆ ಕಾಲದ ಹೊಗೆ ನಿಯಂತ್ರಣದ ಭಾಗಗಳೇ ಇರಬೇಕು; ಅವುಗಳಲ್ಲಿ ಎಷ್ಟೋ ಭಾಗಗಳನ್ನು ಈಗ ಯಾರೂ ತಯಾರಿಸುವದಿಲ್ಲ. ಹೊಸ ಇಂಜಿನು ಹಾಕಬಹುದು, ಆದರೆ ಅದರ ಹೊಗೆ ಸಲಕರಣೆಗಳೆಲ್ಲ ಇದ್ದು ಸರಕಾರದ ಪಂಚನು ಪರೀಕ್ಷಿಸಿ ಒಪ್ಪಬೇಕು. ಮನೆಯಲ್ಲಿ ಬಿಡಿಭಾಗಗಳಿಂದ ಕಟ್ಟಿದ ಬಂಡಿಗೆ ಇನ್ನೊಂದು ದಾರಿಯುಂಟು: ವರ್ಷಕ್ಕೆ ಮೊದಲ 500 ಅರ್ಜಿದಾರರಿಗೆ ಮಾತ್ರ, ಬಂಡಿಯು ಯಾವ ವರ್ಷದ ಮಾದರಿಯನ್ನು ಹೋಲುತ್ತದೆಯೋ ಆ ವರ್ಷದ ನಿಯಮವೇ ಅನ್ವಯಿಸುವದು. 501ನೆಯವನು ಮುಂದಿನ ಜನವರಿಯನ್ನು ಕಾಯಬೇಕು! ಈ ಐನೂರರ ಹಿಂದೆ ಯಾವ ಶಾಸ್ತ್ರವಿದೆಯೋ ನಮಗೆ ಹೊಳೆಯದು.

ಇದಕ್ಕಿಂತಲೂ ವಿಚಿತ್ರವಾದುದು ಅದೇ ಸಂಸ್ಥಾನದ ಸ್ಯಾಕ್ರಮೆಂಟೊ ಜಿಲ್ಲೆಯ ವಸತಿ ನಿಯಮ. 2019ರಲ್ಲಿ ಇದರ ಸುದ್ದಿ ಹಬ್ಬಿದಾಗ ಅಮೇರಿಕೆಯಲ್ಲೆಲ್ಲ ಕೋಲಾಹಲವಾಯಿತು. ಮನೆಯಲ್ಲಿ ಸಾಮಾನ್ಯವಾಗಿ ಇರದಂಥ ಉಪಕರಣಗಳನ್ನು ಬಳಸಿ ಬಂಡಿಯ ದುರಸ್ತಿ ಮಾಡಕೂಡದು. ಆ ಮನೆಯಲ್ಲಿ ವಾಸಿಸದವರ ಬಂಡಿಯನ್ನು ಮುಟ್ಟಕೂಡದು. ಮುಚ್ಚಿದ ಗ್ಯಾರೇಜಿನ ಹೊರಗೆ ಬಿಚ್ಚಿಟ್ಟ ಬಂಡಿಯು ಇಪ್ಪತ್ತುನಾಲ್ಕು ತಾಸಿಗಿಂತ ಹೆಚ್ಚು ಕಾಲ ನಿಂತಿರಕೂಡದು. ಹಾಗಾದರೆ ವಿಧವೆಯಾದ ನೆರೆಯವಳ ಬಂಡಿಯ ಬ್ರೇಕನ್ನು ಸರಿಪಡಿಸಿಕೊಟ್ಟವನೂ ಅಪರಾಧಿಯೇ. ಮನೆಯ ಸೋಗಿನಲ್ಲಿ ಪರವಾನಿಗೆಯಿಲ್ಲದ ವರ್ಕ್‌ಶಾಪ್ ನಡೆಸಿ, ಕೊಳೆಯೆಣ್ಣೆಯನ್ನು ಚರಂಡಿಗೆ ಸುರಿಯುವವರನ್ನು ಹಿಡಿಯಲೆಂದು ಹೆಣೆದ ಬಲೆ ಇದು. ಅಂಥವರನ್ನು ಹಿಡಿಯಬೇಕಾದುದೂ ನಿಜವೇ. ಆದರೆ ಎಣ್ಣೆ ಸುರಿದವನನ್ನು ದಂಡಿಸುವದಕ್ಕೆ ಎಣ್ಣೆಯ ವಿಷಯದ ಕಾಯಿದೆಯೊಂದೇ ಸಾಕಾಗಿತ್ತು. ಪಾನಾ ಹಿಡಿದವರನ್ನೆಲ್ಲ ಸಂಶಯದಿಂದ ನೋಡುವ ಕಾರಣವೇನಿತ್ತು?

ಇನ್ನೊಂದು ಪಕ್ಷವನ್ನೂ ನಾವು ಮುಚ್ಚಿಡಲಾರೆವು. ಲಾಸ್ ಏಂಜಲೀಸ್ ನಗರದ ಕಣಿವೆಯಲ್ಲಿ ಮೋಟಾರಿನ ಹೊಗೆಯು ಬಿಸಿಲಿಗೆ ಕೆಟ್ಟ ಮಂಜಾಗಿ ಕವಿದು ಜನರ ಕಣ್ಣುರಿಸಿದ ದಶಕಗಳನ್ನು ಅಲ್ಲಿಯ ವೃದ್ಧರು ಮರೆತಿಲ್ಲ. ಸ್ವಾತಂತ್ರ್ಯದ ಹೆಸರಿನಲ್ಲಿ ನಡೆದ ದುರಾಚಾರವೂ ಸಣ್ಣದಲ್ಲ. ಡೀಸೆಲ್ ಪಿಕಪ್‌ಗಳ ಹೊಗೆ ನಿಯಂತ್ರಣದ ಯಂತ್ರಗಳನ್ನು ಕಿತ್ತುಹಾಕಿದವರ ಬಗ್ಗೆ ಅಮೇರಿಕೆಯ ಪರಿಸರ ರಕ್ಷಣಾ ಇಲಾಖೆಯು 2020ರಲ್ಲಿ ಹೊರಡಿಸಿದ ವರದಿಯ ಪ್ರಕಾರ, ಒಂದು ದಶಕದಲ್ಲಿ ಇಂಥ 5,50,000ಕ್ಕೂ ಹೆಚ್ಚು ಬಂಡಿಗಳು ರಸ್ತೆಗಿಳಿದಿದ್ದವು. ಇವು ಹಳೆಯ ಬಂಡಿಗಳಲ್ಲ. ನಿತ್ಯ ಓಡತಕ್ಕ ಹೊಸ ಬಂಡಿಗಳು. ಕಪ್ಪು ಹೊಗೆಯನ್ನು ಬೇಕೆಂದೇ ಉಗುಳಿಸಿ ಮೆರೆಯುವವರೂ ಇವರಲ್ಲಿದ್ದಾರೆ. ಇವರನ್ನು ನಾವು ಹವ್ಯಾಸಿಗಳೆಂದು ಕರೆಯಲು ಸಿದ್ಧರಿಲ್ಲ. ಆದರೆ ದಂಡನೆಯ ಭಾರವು ನಿತ್ಯ ಓಡುವ ಲಕ್ಷಗಟ್ಟಲೆ ಬಂಡಿಗಳ ಮೇಲೆ ಬೀಳಬೇಕೋ, ತಿಂಗಳಿಗೆರಡು ಭಾನುವಾರ ಹೊರಬರುವ ಹಳೆಯ ಪಿಕಪ್ಪಿನ ಮೇಲೋ? ವರ್ಷಕ್ಕೆ ಇಷ್ಟೇ ಮೈಲು ಎಂದು ಮಿತಿ ಹಾಕಿ, ಅದನ್ನು ಮೀರಿದವನಿಗೆ ಪರೀಕ್ಷೆಯನ್ನು ವಿಧಿಸಿದ್ದರೆ ನ್ಯಾಯವೂ ಉಳಿಯುತ್ತಿತ್ತು, ಗಾಳಿಯೂ ಉಳಿಯುತ್ತಿತ್ತು. ಹೊಗೆಯ ಪ್ರಶ್ನೆಗೆ ಬೇರೊಂದು ಉತ್ತರವೂ ಈಗ ದೊರೆತಿದೆ: 2021ರಲ್ಲಿ ಫೋರ್ಡ್ ಕಂಪನಿಯೇ ತನ್ನ 1978ರ ಎಫ್-100 ಪಿಕಪ್ಪಿನಲ್ಲಿ ವಿದ್ಯುತ್ ಮೋಟಾರನ್ನು ಕೂಡ್ರಿಸಿ ಪ್ರದರ್ಶಿಸಿತು. ಗುಡುಗು ಹೋದ ಮೋಡದಂತೆ ಎಂದು ಹಳಬರು ಮೂಗು ಮುರಿಯುತ್ತಾರೆ.

ನಮ್ಮ ದೇಶದ ಸ್ಥಿತಿಯೇನು? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ, ತಯಾರಕನು ನಿಗದಿಪಡಿಸಿದ ವಿವರಗಳಿಗೆ ಭಿನ್ನವಾಗುವಂತೆ ಮಾಲಕನು ಬಂಡಿಯನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕೇರಳದ ಮೊಕದ್ದಮೆಯೊಂದರಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಪ್ರತಿಯೊಂದು ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡೂ ಎಂದಾಯಿತು. ಅಮೇರಿಕೆಯ ಅರ್ಥದ ಹಾಟ್ ರಾಡ್ ನಮ್ಮಲ್ಲಿ ರಸ್ತೆಗಿಳಿದರೆ ಅದರ ಒಂದೊಂದು ಅಂಗವೂ ಒಂದೊಂದು ಅಪರಾಧವೇ ಸರಿ. ಕಿಕ್ಕಿರಿದ ನಮ್ಮ ರಸ್ತೆಗಳಲ್ಲಿ, ತಪಾಸಣೆಯು ಹಲವೆಡೆ ಕಾಗದದ ಮೇಲೆಯೇ ಮುಗಿಯುವಾಗ, ಈ ಬಿಗಿಯು ಅನವಶ್ಯಕವೆಂದು ನಾವು ಹೇಳೆವು.

ಹಳೆಯ ಬಂಡಿಗಳ ಮೂಲರೂಪವನ್ನು ಉಳಿಸುವವರಿಗೆ ಮಾತ್ರ 2021ರಲ್ಲಿ ಕೇಂದ್ರ ಸರಕಾರವು ಒಂದು ಬಾಗಿಲನ್ನು ತೆರೆಯಿತು. ನೋಂದಣಿಯಾಗಿ ಐವತ್ತು ವರ್ಷ ದಾಟಿ, ಚಾಸಿ, ಮೈ, ಇಂಜಿನುಗಳಲ್ಲಿ ಗಣನೀಯ ಬದಲಾವಣೆಯಿಲ್ಲದ ಬಂಡಿಗೆ ‘ವಿಎ’ ಎಂಬ ಗುರುತಿನ ಪ್ರತ್ಯೇಕ ಸಂಖ್ಯೆಯುಂಟು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷಗಳ ನಂತರದ ನವೀಕರಣಕ್ಕೆ 5,000 ರೂಪಾಯಿ ಶುಲ್ಕ. ಪ್ರದರ್ಶನ, ರ‍್ಯಾಲಿ, ದುರಸ್ತಿ, ಇಂಧನ ಇವುಗಳಿಗಾಗಿ ಮಾತ್ರ ಓಡಿಸಬಹುದು. ಒಳ್ಳೆಯ ಏರ್ಪಾಡೇ. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ತೆರೆದ ‘ಪಯಣ’ ಸಂಗ್ರಹಾಲಯವನ್ನು ನೋಡಿ ಬಂದವರಿಗೆ ಹಳೆಯ ಬಂಡಿಗಳ ಮೇಲೆ ನಮ್ಮ ಜನರಿಗಿರುವ ಪ್ರೀತಿಯನ್ನು ವಿವರಿಸಿ ಹೇಳಬೇಕಾಗಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳನ್ನೂ ಊರೂರಿನ ಟಿಂಕರಿಂಗ್ ಮಿಸ್ತ್ರಿಗಳನ್ನೂ ಬಲ್ಲವರಿಗೆ, ಕೈಚಳಕಕ್ಕೂ ಇಲ್ಲಿ ಬರವಿಲ್ಲವೆಂಬದು ತಿಳಿದೇ ಇದೆ.

ಆದರೆ ಈ ನಿಯಮವು ಸೇರಿಸಿಕೊಂಡಿರುವದು ಎರಡು ಗಾಲಿಯ ಬಂಡಿಗಳನ್ನೂ ಜನರು ಕುಳಿತು ಸಾಗುವ ಖಾಸಗಿ ಕಾರುಗಳನ್ನೂ ಮಾತ್ರ. ಸರಕು ಹೊತ್ತ ಬಂಡಿಗೆ ಅಲ್ಲಿ ಜಾಗವಿಲ್ಲ. ಅರಸನನ್ನು ಹೊತ್ತ ಕಾರು ಪರಂಪರೆ, ಅಡಿಕೆಯನ್ನೂ ಕಬ್ಬನ್ನೂ ಹೊತ್ತ ಹಳೆಯ ಲಾರಿ ಬರಿಯ ಗುಜರಿ ಎಂದಾಯಿತು. ತಾತನು ಮಲೆನಾಡಿನ ಘಾಟಿಯಲ್ಲಿ ಓಡಿಸಿದ ಲಾರಿಯನ್ನು ಮೊಮ್ಮಗನು ಮನೆಯ ಅಂಗಳದಲ್ಲಿ ಬಿಚ್ಚಿ ಮೂಲರೂಪಕ್ಕೆ ತಂದರೆ, ಅವನು ‘ವಿಎ’ ಸಂಖ್ಯೆಯನ್ನು ಕೇಳಲು ಹೋಗುವ ಕಚೇರಿಯೇ ಇಲ್ಲ. ನಿಯಮದ ವರ್ಗೀಕರಣದಲ್ಲಿ ಸರಕುಬಂಡಿಗಳ ಒಂದು ಸಾಲನ್ನು ಸೇರಿಸುವದಕ್ಕೆ ಪಾರ್ಲಿಮೆಂಟಿನ ಅಧಿವೇಶನವೂ ಬೇಡ, ಕೇಂದ್ರ ಸಾರಿಗೆ ಮಂತ್ರಾಲಯದ ಒಂದು ಅಧಿಸೂಚನೆ ಸಾಕು. ನಮ್ಮ ವಾಚಕರಲ್ಲಿ ಸಾರಿಗೆ ಇಲಾಖೆಯ ಅಧಿಕಾರಿಗಳೂ ಇರುವದರಿಂದ, ಅವರು ಈ ಲೋಪವನ್ನು ಮೇಲಿನವರ ಗಮನಕ್ಕೆ ತರಬೇಕೆಂದು ನಾವು ಕೋರುತ್ತೇವೆ.