ಅರಿಶಿಣದ ಲೆಕ್ಕ | ಭಾಗ 4

"ಅರಿಶಿಣ ಹಾಲು ಕುಡೀರಿ, ಕರುಳಿನ ಕ್ಯಾನ್ಸರ್ ಬರಂಗಿಲ್ಲ." ಈ ಫಾರ್ವರ್ಡ್ ನಿಮಗೂ ಬಂದಿರಬೇಕಲ್ಲ?

ಅರಿಶಿಣ ನಮ್ಮ ಹುಕ್ಕೇರಿ, ಗೋಕಾಕ, ಮೂಡಲಗಿ ಕಡೆ ಬೆಳೆ. ಅಭಿಮಾನ ಇರಲಿ, ಸುಳ್ಳು ಬ್ಯಾಡ.

ಅದರ ಹಳದಿ ಬಣ್ಣವೇ ಕರ್ಕ್ಯುಮಿನ್. ಲ್ಯಾಬಿನ ತಟ್ಟೆಯೊಳಗೆ ಬೆಳೆಸಿದ ಕ್ಯಾನ್ಸರ್ ಕೋಶಗಳ ಮೇಲೆ ಹಾಕಿದರೆ ಅವು ಸಾಯುತ್ತವೆ, ಖರೆ. ಉಪ್ಪು ಸುರಿದರೂ ಸಾಯುತ್ತವೆ! ತಟ್ಟೆ ಬೇರೆ, ಮನುಷ್ಯನ ಹೊಟ್ಟೆ ಬೇರೆ.

ಮನುಷ್ಯರ ಮೇಲೂ ನೋಡ್ಯಾರ. ಕೆಲವರಿಗೆ ವಂಶದಿಂದಲೇ ಕರುಳಲ್ಲಿ ನೂರಾರು ಗಂಟು ಬೆಳೆದು, ಮುಂದೆ ಕ್ಯಾನ್ಸರ್ ಆಗುತ್ತದೆ. ಅಂಥವರಿಗೆ ದಿನಾ 3 ಗ್ರಾಂ ಕರ್ಕ್ಯುಮಿನ್, 12 ತಿಂಗಳು ಕೊಟ್ಟರು. ಫಲಿತಾಂಶ 2018ರಲ್ಲಿ ಬಂತು: ಔಷಧ ಇಲ್ಲದ ಖಾಲಿ ಗುಳಿಗಿ ನುಂಗಿದವರಿಗೂ ಇವರಿಗೂ ಫರಕ್ ಕಾಣಲಿಲ್ಲ.

ನಾ ಬಿಕಾಂ ಓದಾಕಿ, ಲೆಕ್ಕ ಹೇಳ್ತೀನಿ. ಅರಿಶಿಣ ಪುಡಿಯೊಳಗೆ ಕರ್ಕ್ಯುಮಿನ್ ಸುಮಾರು 3%. 3 ಗ್ರಾಂ ಬೇಕಂದ್ರ ದಿನಾ 100 ಗ್ರಾಂ ಪುಡಿ! ನೀವು ಹಾಲಿಗೆ ಹಾಕೋದು ಚಿಟಿಕಿ.

ಸಾರಿಗೆ ಹಾಕ್ರಿ, ಮದುವಿಗೆ ಹಚ್ರಿ. ಆದ್ರ ಸಂಡಾಸದಾಗ ರಕ್ತ ಕಂಡ್ರ "ಮೂಲವ್ಯಾಧಿ ಇರಬೇಕು" ಅಂತ ಅರಿಶಿಣ ಹಾಲು ಕುಡಿದು ಕುಂದರಬ್ಯಾಡ್ರಿ. ಡಾಕ್ಟರಿಗೆ ತೋರಸ್ರಿ. ಜಲ್ದಿ ಸಿಕ್ಕರೆ ಈ ಕ್ಯಾನ್ಸರ್ ಆಪರೇಷನ್‌ನಿಂದಲೇ ವಾಸಿ ಆಗಬಹುದು. ಕಳೆದ ತಿಂಗಳುಗಳನ್ನ ಯಾವ ಬಣ್ಣವೂ ವಾಪಸ್ ಕೊಡಂಗಿಲ್ಲ.

ಫಾರ್ವರ್ಡ್ ಕಳಿಸಿದವರಿಗೇ ಇದನ್ನ ಕಳಿಸ್ರಿ.

#ಹುಕ್ಕೇರಿ #ಅರಿಶಿಣ